ಎಚ್‌ಐವಿ ಪರೀಕ್ಷೆ ಉಚಿತ, ಗೋಪ್ಯ: ಆದ್ರೂ ಐಸಿಟಿಸಿ ಬಾಗಿಲಿಗೆ ಹೋಗೋಕೆ ಹಿಂಜರಿಕೆ ಯಾಕೆ?

ಬಾಗಲಕೋಟೆ: ಜಿಲ್ಲಾ ಆಸ್ಪತ್ರೆಗೋ ತಾಲ್ಲೂಕು ಆಸ್ಪತ್ರೆಗೋ ಹೋದವರು 'ಐಸಿಟಿಸಿ' ಅನ್ನೋ ಬೋರ್ಡ್ ನೋಡೇ ಇರ್ತಾರೆ. ಪಕ್ಕದಲ್ಲಿ ಕೆಂಪು ರಿಬ್ಬನ್ ಚಿತ್ರ ಇರುತ್ತೆ. ಎಕ್ಸ್‌ರೇ ಕೋಣೆ ಎಲ್ಲಿ, ಗುಳಿಗೆ ಕೊಡೋ ಕಿಟಕಿ ಎಲ್ಲಿ ಅಂತ ಕೇಳೋಕೆ ಯಾರಿಗೂ ಸಂಕೋಚ ಇಲ್ಲ. ಈ ಕೋಣೆ ಎಲ್ಲಿ ಅಂತ ಕೇಳೋಕೆ ಮಾತ್ರ ಬಾಯಿ ಬರೋದಿಲ್ಲ.

ಐಸಿಟಿಸಿ ಅಂದರೆ ಸಮಗ್ರ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ. ಎಚ್‌ಐವಿ ಸೋಂಕು ಇದೆಯೋ ಇಲ್ಲವೋ ಎಂದು ತಿಳಿದುಕೊಳ್ಳಲು ಯಾರು ಬೇಕಾದರೂ ತಾವಾಗಿಯೇ ಹೋಗಬಹುದಾದ ಜಾಗ. ದುಡ್ಡು ಕೊಡಬೇಕಿಲ್ಲ, ಡಾಕ್ಟರ್ ಚೀಟಿ ಬೇಕಿಲ್ಲ. ಆದರೂ ತಾವಾಗಿಯೇ ಬರುವವರು ಕಡಿಮೆ. ಗರ್ಭಿಣಿಯಾದಾಗ, ಕ್ಷಯ ಬಂದಾಗ, ಡಾಕ್ಟರ್ ಬರೆದುಕೊಟ್ಟಾಗ ಬರುವವರೇ ಹೆಚ್ಚು.

ಹಿಂಜರಿಕೆಗೆ ಕಾರಣ ಕೇಂದ್ರ ದೂರ ಇರೋದಲ್ಲ. ಒಳಗೆ ಏನು ನಡೆಯುತ್ತೆ, ಯಾರಿಗೆ ಗೊತ್ತಾಗುತ್ತೆ, ಆಮೇಲೆ ಏನು ಅನ್ನೋದು ಜನರಿಗೆ ಸ್ಪಷ್ಟವಾಗಿ ತಿಳಿದಿಲ್ಲ ಅನ್ನೋದೇ ದೊಡ್ಡ ಕಾರಣ. ಈ ಮೂರಕ್ಕೂ ಇಲ್ಲಿ ಉತ್ತರ ಇದೆ.

ನಮ್ಮ ಜಿಲ್ಲೆಗೆ ಈ ಮಾತು ಯಾಕೆ ಬೇಕು?

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾಗಿದ್ದು 1986ರಲ್ಲಿ, ಚೆನ್ನೈನಲ್ಲಿ. ಮುಂದಿನ ಹದಿನೈದು ವರ್ಷಗಳಲ್ಲಿ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳು ಸೋಂಕು ಹೆಚ್ಚಿರುವ ಪ್ರದೇಶಗಳ ಪಟ್ಟಿಗೆ ಸೇರಿದವು. 2003ರಲ್ಲಿ ಬಾಗಲಕೋಟೆ ಜಿಲ್ಲೆಯ ಸಾಮಾನ್ಯ ಜನರ ನಡುವೆಯೇ ನಡೆದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 3 ವಯಸ್ಕರಲ್ಲಿ ಸೋಂಕು ಕಂಡುಬಂದಿತ್ತು. ಇದು ಪಟ್ಟಣದ ರೋಗ ಅಂತ ಅಂದುಕೊಂಡಿದ್ದವರಿಗೆ, ಹಳ್ಳಿಗಳಲ್ಲೂ ಅಷ್ಟೇ ಆಳವಾಗಿ ಹರಡಿದೆ ಅನ್ನೋದು ಆಗ ಗೊತ್ತಾಯಿತು.

ಅಲ್ಲಿಂದ ಪರಿಸ್ಥಿತಿ ಬಹಳ ಸುಧಾರಿಸಿದೆ. 2010ಕ್ಕೆ ಹೋಲಿಸಿದರೆ ದೇಶದಲ್ಲಿ ವರ್ಷಕ್ಕೆ ಬರುವ ಹೊಸ ಸೋಂಕು ಶೇ. 40ಕ್ಕಿಂತ ಹೆಚ್ಚು ಇಳಿದಿದೆ. ಆದರೂ ದೇಶದಲ್ಲಿ ಸುಮಾರು 25 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಸೋಂಕಿತರ ಸಂಖ್ಯೆಯಲ್ಲಿ ಮಹಾರಾಷ್ಟ್ರ, ಆಂಧ್ರಪ್ರದೇಶದ ನಂತರ ಬರೋದು ಕರ್ನಾಟಕ. ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ: ಸೋಂಕಿರುವ ಐದು ಜನರಲ್ಲಿ ಸುಮಾರು ಒಬ್ಬರಿಗೆ ತನಗೆ ಸೋಂಕಿದೆ ಅನ್ನೋದೇ ಗೊತ್ತಿಲ್ಲ.

ಆ ಒಬ್ಬರು ಮೈಯಲ್ಲಿ ಏನೂ ತೊಂದರೆ ಇಲ್ಲದೆ ಎಂಟು-ಹತ್ತು ವರ್ಷ ಓಡಾಡಬಹುದು. ಕಬ್ಬು ಕಡಿಯೋಕೆ, ಕಟ್ಟಡದ ಕೆಲಸಕ್ಕೆ, ಲಾರಿ ಓಡಿಸೋಕೆ ಗೋವಾ, ಕೊಲ್ಹಾಪುರ, ಪುಣೆ ಕಡೆ ಹೋಗಿ ಬರಬಹುದು. ಮದುವೆ ಆಗಬಹುದು. ಕೊನೆಗೆ ಜ್ವರ, ಭೇದಿ, ಕ್ಷಯ ಅಂತ ಹಾಸಿಗೆ ಹಿಡಿದಾಗ ರಕ್ತ ಪರೀಕ್ಷೆ ಆಗುತ್ತೆ. ಅಷ್ಟೊತ್ತಿಗೆ ರೋಗನಿರೋಧಕ ಶಕ್ತಿ ಕುಸಿದಿರುತ್ತೆ, ಹೆಂಡತಿಗೂ ಸೋಂಕು ತಲುಪಿರಬಹುದು. ತಡವಾದ ಪರೀಕ್ಷೆಯ ನಿಜವಾದ ನಷ್ಟ ಇದು.

ಜನ ಹೇಳೋ ಕಾರಣಗಳು

"ಯಾರಾದ್ರೂ ನೋಡಿದ್ರ ಏನ್ ಮಾಡೂದ್ರಿ?" ಎಲ್ಲಕ್ಕಿಂತ ದೊಡ್ಡ ಹೆದರಿಕೆ ಇದು. ತಾಲ್ಲೂಕು ಆಸ್ಪತ್ರೆ ಅಂದರೆ ಅಲ್ಲಿ ಊರಿನವರು ಇರ್ತಾರೆ, ಬೀಗರು ಇರ್ತಾರೆ, ಆಶಾ ಕಾರ್ಯಕರ್ತೆ ಇರ್ತಾರೆ. ಆ ಬಾಗಿಲಿಂದ ಹೊರಗೆ ಬರೋದನ್ನ ನೋಡಿದರೆ ಸಾಕು, ಸಂಜೆ ಹೊತ್ತಿಗೆ ಕಟ್ಟೆ ಮೇಲೆ ಮಾತಾಗುತ್ತೆ ಅನ್ನೋ ಭಯ. ಇದನ್ನ ಸುಳ್ಳು ಭಯ ಅಂತ ತಳ್ಳಿಹಾಕೋಕೆ ಆಗೋದಿಲ್ಲ. ಆದರೆ ಇದಕ್ಕೊಂದು ಸರಳ ದಾರಿ ಇದೆ. ನಿಮ್ಮ ತಾಲ್ಲೂಕಿನ ಕೇಂದ್ರಕ್ಕೇ ಹೋಗಬೇಕು ಅನ್ನೋ ನಿಯಮ ಇಲ್ಲ. ಮುಧೋಳದವರು ಜಮಖಂಡಿಗೆ, ಬಾದಾಮಿಯವರು ನವನಗರಕ್ಕೆ, ಹುನಗುಂದದವರು ಪಕ್ಕದ ಜಿಲ್ಲೆಗೇ ಹೋಗಿ ಪರೀಕ್ಷೆ ಮಾಡಿಸಬಹುದು. ಇನ್ನೊಂದು ವಿಷಯ: ಆ ಕೋಣೆಗೆ ದಿನವೂ ಗರ್ಭಿಣಿಯರು, ಕ್ಷಯ ರೋಗಿಗಳು ಹೋಗ್ತಾ ಇರ್ತಾರೆ. ಒಳಗೆ ಹೋದವರೆಲ್ಲ ಸೋಂಕಿತರಲ್ಲ. ಪರೀಕ್ಷೆ ಮಾಡಿಸಿಕೊಂಡವರಲ್ಲಿ ಬಹುತೇಕರಿಗೆ ಬರೋ ಫಲಿತಾಂಶ 'ಇಲ್ಲ' ಅಂತಲೇ.

"ನಂಗ್ಯಾಕ್ ಬರ್ತದ?" ಎಚ್‌ಐವಿ ಅಂದರೆ ಯಾರೋ 'ಅಂಥವರ' ರೋಗ ಅನ್ನೋ ನಂಬಿಕೆ ಇನ್ನೂ ಗಟ್ಟಿಯಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷದವರಲ್ಲಿ ಎಚ್‌ಐವಿ ಬಗ್ಗೆ ಸಮಗ್ರ ತಿಳುವಳಿಕೆ ಇದ್ದದ್ದು ದೇಶದ ಮಹಿಳೆಯರಲ್ಲಿ ಶೇ. 22ರಷ್ಟು, ಪುರುಷರಲ್ಲಿ ಶೇ. 31ರಷ್ಟು ಮಂದಿಗೆ ಮಾತ್ರ. ಗಂಡನನ್ನ ಬಿಟ್ಟು ಬೇರೆ ಯಾರನ್ನೂ ನೋಡದ ಹೆಣ್ಣುಮಗಳಿಗೂ ಸೋಂಕು ಬಂದಿದೆ, ತಾಯಿಯಿಂದ ಮಗುವಿಗೂ ಬಂದಿದೆ. ವೈರಸ್ ನಡತೆ ನೋಡಿ ಬರೋದಿಲ್ಲ.

"ಗೊತ್ತಾಗಿ ಏನ್ ಮಾಡೂದು? ಗೊತ್ತಿಲ್ದಿದ್ರ ನೆಮ್ಮದಿಯಾಗಿ ಇರ್ತೀನಿ." ಮದ್ದಿಲ್ಲದ ಕಾಲದಲ್ಲಿ ಹುಟ್ಟಿದ ಮಾತಿದು. ಆಗ ಎಚ್‌ಐವಿ ಅಂದರೆ ಸಾವು ಅಂತಲೇ ಗೋಡೆ ಮೇಲೆ ಬರೆದಿದ್ದರು. ಸರ್ಕಾರ ಉಚಿತ ಎ.ಆರ್.ಟಿ. ಚಿಕಿತ್ಸೆ ಶುರುಮಾಡಿದ್ದು 2004ರ ಏಪ್ರಿಲ್ 1ರಂದು. ಮೊದಮೊದಲು ರೋಗನಿರೋಧಕ ಶಕ್ತಿ ಒಂದು ಮಟ್ಟಕ್ಕಿಂತ ಕೆಳಗಿಳಿದವರಿಗೆ ಮಾತ್ರ ಗುಳಿಗೆ ಕೊಡ್ತಿದ್ದರು. 2017ರಿಂದ ನಿಯಮ ಬದಲಾಗಿದೆ: ಸೋಂಕು ಖಚಿತವಾದ ಎಲ್ಲರಿಗೂ ತಡಮಾಡದೆ ಚಿಕಿತ್ಸೆ. ಬೇಗ ಗೊತ್ತಾಗಿ, ದಿನಾ ಗುಳಿಗೆ ತಪ್ಪಿಸದೆ ತಗೊಂಡರೆ ಉಳಿದವರಂತೆಯೇ ದೀರ್ಘಕಾಲ ಬದುಕಬಹುದು, ದುಡಿಯಬಹುದು, ಸೋಂಕಿಲ್ಲದ ಮಕ್ಕಳನ್ನ ಹೆರಬಹುದು.

ಒಳಗೆ ನಡೆಯೋದು ಇಷ್ಟು

ಮೊದಲು ಮಾತು. ಒಳಗೆ ಹೋದ ಕೂಡಲೇ ಸೂಜಿ ಚುಚ್ಚೋದಿಲ್ಲ. ಆಪ್ತ ಸಮಾಲೋಚಕರು ಬಾಗಿಲು ಮುಚ್ಚಿ ನಿಮ್ಮೊಬ್ಬರ ಜೊತೆ ಮಾತಾಡ್ತಾರೆ. ಪರೀಕ್ಷೆ ಯಾಕೆ, ಸೋಂಕು ಹೇಗೆ ಹರಡುತ್ತೆ, ಫಲಿತಾಂಶ ಹೀಗೆ ಬಂದರೆ ಏನು, ಹಾಗೆ ಬಂದರೆ ಏನು ಅಂತ ವಿವರಿಸ್ತಾರೆ. ಕೆಲವು ವೈಯಕ್ತಿಕ ಪ್ರಶ್ನೆ ಕೇಳ್ತಾರೆ. ಮುಜುಗರ ಆಗಬಹುದು, ಆದರೆ ಇದು ವಿಚಾರಣೆ ಅಲ್ಲ. ಅಪಾಯ ಎಷ್ಟಿದೆ, ಮತ್ತೆ ಯಾವಾಗ ಪರೀಕ್ಷೆ ಬೇಕು ಅಂತ ಲೆಕ್ಕ ಹಾಕೋಕೆ ಆ ಮಾಹಿತಿ ಬೇಕು.

ಆಮೇಲೆ ಒಪ್ಪಿಗೆ. ನೀವು ಒಪ್ಪಿದರೆ ಮಾತ್ರ ಪರೀಕ್ಷೆ. ಎಲ್ಲ ಕೇಳಿಸಿಕೊಂಡು "ಇವತ್ತು ಬ್ಯಾಡ್ರಿ, ಇನ್ನೊಮ್ಮೆ ಬರ್ತೀನಿ" ಅಂದು ಎದ್ದು ಬರಬಹುದು. ಯಾರೂ ತಡೆಯೋದಿಲ್ಲ. 18 ವರ್ಷದೊಳಗಿನವರಿಗೆ ತಂದೆ-ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು.

ರಕ್ತದ ಮಾದರಿ. ಪ್ರಯೋಗಾಲಯ ತಂತ್ರಜ್ಞರು ಸ್ವಲ್ಪ ರಕ್ತ ತೆಗೀತಾರೆ. ಟ್ಯೂಬ್ ಮೇಲೆ ನಿಮ್ಮ ಹೆಸರಿರೋದಿಲ್ಲ, ಪಿಐಡಿ ಅನ್ನೋ ಗುರುತಿನ ಸಂಖ್ಯೆ ಇರುತ್ತೆ.

ಫಲಿತಾಂಶ. ಸಾಮಾನ್ಯವಾಗಿ ಅದೇ ದಿನ ಸಿಗುತ್ತೆ. ಮೊದಲ ಕಿಟ್‌ನಲ್ಲಿ ಏನೂ ಕಾಣದಿದ್ದರೆ 'ನೆಗೆಟಿವ್'. ಏನಾದರೂ ಕಂಡರೆ ಅಷ್ಟಕ್ಕೇ ಪಾಸಿಟಿವ್ ಅಂತ ಹೇಳೋದಿಲ್ಲ. ಬೇರೆ ಬೇರೆ ಬಗೆಯ ಇನ್ನೂ ಎರಡು ಕಿಟ್‌ಗಳಲ್ಲಿ ಪರೀಕ್ಷೆ ಮಾಡ್ತಾರೆ. ಮೂರರಲ್ಲೂ ಒಂದೇ ಫಲಿತಾಂಶ ಬಂದರೆ ಮಾತ್ರ ಸೋಂಕು ಖಚಿತ. ಕೆಲವು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಶಿಬಿರಗಳಲ್ಲಿ ಮೊದಲ ಹಂತದ ಪರೀಕ್ಷೆ ಮಾತ್ರ ನಡೆಯುತ್ತೆ. ಅಲ್ಲಿ 'ಏನೋ ಇದೆ' ಅಂದರೆ ಗಾಬರಿ ಬೀಳಬೇಡಿ, ಐಸಿಟಿಸಿಗೆ ಹೋಗಿ ಖಚಿತಪಡಿಸಿಕೊಳ್ಳಿ.

ಮತ್ತೆ ಮಾತು. ಫಲಿತಾಂಶವನ್ನ ಆಪ್ತ ಸಮಾಲೋಚಕರು ನಿಮಗೇ, ಎದುರು ಕೂರಿಸಿಕೊಂಡು ಹೇಳ್ತಾರೆ. ಫೋನ್‌ನಲ್ಲಿ ಹೇಳೋದಿಲ್ಲ, ಅಣ್ಣನ ಕೈಲೋ ಪಕ್ಕದ ಮನೆಯವರ ಕೈಲೋ ಚೀಟಿ ಕೊಟ್ಟು ಕಳಿಸೋದಿಲ್ಲ.

'ನೆಗೆಟಿವ್' ಬಂದ್ರೆ ಮುಗೀತಾ?

ಯಾವಾಗಲೂ ಅಲ್ಲ. ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಅದು ಕಾಣೋದಿಲ್ಲ. ಇದಕ್ಕೆ 'ವಿಂಡೋ ಪೀರಿಯಡ್' ಅಂತಾರೆ. ಇತ್ತೀಚೆಗೆ ಅಪಾಯ ಆಗಿದ್ದರೆ ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೆ ಕಾಂಡೋಮ್ ಬಳಸಬೇಕು.

ಇದೇ ಕಾರಣಕ್ಕೆ ಒಂದು ಎಚ್ಚರಿಕೆ: ಸೋಂಕು ಇದೆಯಾ ಅಂತ ತಿಳಿದುಕೊಳ್ಳೋಕೆ ರಕ್ತದಾನ ಮಾಡಬೇಡಿ. ಕೆಲವರು ಐಸಿಟಿಸಿಗೆ ಹೋಗೋ ನಾಚಿಕೆಗೆ ಈ ದಾರಿ ಹಿಡೀತಾರೆ. ವಿಂಡೋ ಪೀರಿಯಡ್‌ನಲ್ಲಿ ಕೊಟ್ಟ ರಕ್ತ ಇನ್ನೊಬ್ಬರ ಜೀವಕ್ಕೆ ಕುತ್ತು ತರಬಹುದು.

ಸೋಂಕು ಇದೆ ಅಂತ ಬಂದ್ರೆ?

ಐಸಿಟಿಸಿಯಿಂದ ಎ.ಆರ್.ಟಿ. ಕೇಂದ್ರಕ್ಕೆ ಕಳಿಸ್ತಾರೆ. ಅಲ್ಲಿ ನೋಂದಣಿ, ಸಿಡಿ4 ಪರೀಕ್ಷೆ, ಕ್ಷಯ ಇದೆಯಾ ಅಂತ ತಪಾಸಣೆ. ನಂತರ ಗುಳಿಗೆ ಶುರು. ವಯಸ್ಕರಲ್ಲಿ ಬಹುತೇಕರಿಗೆ ಈಗ ಮೂರು ಔಷಧಿ ಸೇರಿದ ಒಂದೇ ಗುಳಿಗೆ, ದಿನಕ್ಕೆ ಒಮ್ಮೆ. ಜೀವನಪೂರ್ತಿ ತಗೋಬೇಕು, ಜೀವನಪೂರ್ತಿ ಉಚಿತ. ಆರು ತಿಂಗಳಿಗೆ 'ವೈರಲ್ ಲೋಡ್' ಪರೀಕ್ಷೆ ಮಾಡಿ ರಕ್ತದಲ್ಲಿ ವೈರಸ್ ಎಷ್ಟು ಉಳಿದಿದೆ ಅಂತ ನೋಡ್ತಾರೆ.

ಗುಳಿಗೆ ಸರಿಯಾಗಿ ತಗೊಂಡು, ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ, ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟೋದಿಲ್ಲ. ವೈದ್ಯಲೋಕ ಒಪ್ಪಿಕೊಂಡಿರುವ ಮಾತಿದು. ಅಂದರೆ ಪರೀಕ್ಷೆ ಮಾಡಿಸಿಕೊಂಡು ಚಿಕಿತ್ಸೆ ತಗೊಂಡವರಿಗಿಂತ, ಸೋಂಕಿದ್ದೂ ಪರೀಕ್ಷೆಗೆ ಹೋಗದವರಿಂದಲೇ ಸಂಗಾತಿಗೆ ಅಪಾಯ ಹೆಚ್ಚು.

ದುಡಿಯೋಕೆ ಬೇರೆ ಊರಿಗೆ ಹೋಗೋರು ಗುಳಿಗೆ ಬಿಡಬೇಕಿಲ್ಲ. ಹೋಗೋ ಮುಂಚೆ ನಿಮ್ಮ ಎ.ಆರ್.ಟಿ. ಕೇಂದ್ರದಲ್ಲಿ ಹೇಳಿ. ಅಲ್ಲಿನ ಕೇಂದ್ರಕ್ಕೆ ವರ್ಗಾವಣೆ ಪತ್ರ ಮಾಡಿಕೊಡ್ತಾರೆ, ಬೇರೆ ರಾಜ್ಯದಲ್ಲೂ ಗುಳಿಗೆ ಸಿಗುತ್ತೆ.

ಹೆಂಡತಿಗೆ ಮೊದಲು ಗೊತ್ತಾಗುತ್ತೆ, ಆರೋಪವೂ ಅವಳ ಮೇಲೇ

ಗರ್ಭಿಣಿಯರಿಗೆ ಮೊದಲ ತಪಾಸಣೆಯಲ್ಲೇ ಎಚ್‌ಐವಿ ಪರೀಕ್ಷೆ ಮಾಡ್ತಾರೆ. ಇದರಿಂದ ದೊಡ್ಡ ಉಪಯೋಗ ಆಗಿದೆ. ಏನೂ ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ. 15ರಿಂದ 45ರವರೆಗೆ. ತಾಯಿಗೆ ಗುಳಿಗೆ, ಹುಟ್ಟಿದ ಮಗುವಿಗೆ ಸಿರಪ್ ಕೊಟ್ಟರೆ ಅದು ಶೇ. 5ಕ್ಕಿಂತ ಕೆಳಗೆ ಇಳಿಯುತ್ತೆ. ಮಗುವಿಗೆ ಆರು ವಾರಕ್ಕೆ ಮೊದಲ ಪರೀಕ್ಷೆ, 18 ತಿಂಗಳಿಗೆ ಅಂತಿಮ ಪರೀಕ್ಷೆ.

ಆದರೆ ಇದಕ್ಕೆ ಇನ್ನೊಂದು ಮುಖ ಇದೆ. ಗಂಡ ಪರೀಕ್ಷೆಗೆ ಬಂದಿರೋದಿಲ್ಲ, ಹೆಂಡತಿ ಗರ್ಭಿಣಿ ಅಂತ ಬಂದಿರ್ತಾಳೆ. ಮನೆಯಲ್ಲಿ ಮೊದಲು 'ಪಾಸಿಟಿವ್' ಅಂತ ಗೊತ್ತಾಗೋದು ಅವಳದ್ದು. "ಈಕಿನೇ ತಂದಾಳ" ಅಂತ ಅತ್ತೆ ಮನೆಯವರು ತವರಿಗೆ ಅಟ್ಟಿದ ಉದಾಹರಣೆಗಳು ಉತ್ತರ ಕರ್ನಾಟಕದಲ್ಲಿ ಹೊಸದೇನಲ್ಲ. ಮೊದಲು ಪರೀಕ್ಷೆ ಆಗಿದ್ದು ಅವಳಿಗೆ ಅನ್ನೋದಷ್ಟೇ ಸತ್ಯ. ಮೊದಲು ಸೋಂಕು ಬಂದಿದ್ದು ಅವಳಿಗೆ ಅಂತ ಆ ಚೀಟಿ ಹೇಳೋದಿಲ್ಲ. ಯಾರಿಂದ ಯಾರಿಗೆ ಬಂತು ಅಂತ ಹೇಳೋ ಪರೀಕ್ಷೆ ಅದಲ್ಲ.

ಇದನ್ನ ತಪ್ಪಿಸೋ ದಾರಿ ಗಂಡಂದಿರ ಕೈಯಲ್ಲಿದೆ. ಮೊದಲ ತಪಾಸಣೆಗೆ ಹೆಂಡತಿ ಜೊತೆ ನೀವೂ ಬನ್ನಿ, ಇಬ್ಬರೂ ಒಟ್ಟಿಗೆ ಕೂತು ಸಮಾಲೋಚನೆ ತಗೊಳ್ಳಿ, ಇಬ್ಬರೂ ಒಂದೇ ದಿನ ಪರೀಕ್ಷೆ ಮಾಡಿಸಿ. ಮದುವೆಗೆ ಮುಂಚೆ ಹುಡುಗ-ಹುಡುಗಿ ಇಬ್ಬರೂ ಒಪ್ಪಿ ಪರೀಕ್ಷೆ ಮಾಡಿಸಿಕೊಳ್ಳೋದಕ್ಕೂ ಅಡ್ಡಿ ಇಲ್ಲ. ಒಬ್ಬರ ಮೇಲೆ ಮಾತ್ರ ಒತ್ತಾಯ ಹೇರೋದು ಸರಿಯಲ್ಲ.

ಕಾನೂನು ಏನ್ ಹೇಳುತ್ತೆ?

'ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017' ಜಾರಿಗೆ ಬಂದಿದ್ದು 2018ರ ಸೆಪ್ಟೆಂಬರ್ 10ರಂದು. ಪರೀಕ್ಷೆಗೆ ಹೋಗೋರು ತಿಳಿದಿರಬೇಕಾದ ಅಂಶಗಳು ಇವು:

• ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಎಚ್‌ಐವಿ ಪರೀಕ್ಷೆ ಮಾಡೋ ಹಾಗಿಲ್ಲ. ಇದು ಖಾಸಗಿ ಆಸ್ಪತ್ರೆ, ಲ್ಯಾಬ್‌ಗಳಿಗೂ ಅನ್ವಯ. ನ್ಯಾಯಾಲಯದ ಆದೇಶ, ರಕ್ತನಿಧಿಯಲ್ಲಿ ದಾನದ ರಕ್ತದ ತಪಾಸಣೆಯಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ.

• ಕೆಲಸ, ಚಿಕಿತ್ಸೆ ಅಥವಾ ಶಿಕ್ಷಣ ಕೊಡೋಕೆ ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂತ ಷರತ್ತು ಹಾಕೋದು ತಾರತಮ್ಯ.

• ನ್ಯಾಯಾಲಯದ ಆದೇಶ ಇಲ್ಲದೆ, ನಿಮಗೆ ಸೋಂಕಿದೆಯಾ ಎಂದು ಹೇಳುವಂತೆ ಒತ್ತಾಯಿಸೋ ಹಾಗಿಲ್ಲ. ನಿಮ್ಮ ಮಾಹಿತಿ ಇಟ್ಟುಕೊಂಡಿರುವ ಸಂಸ್ಥೆ ಅದನ್ನ ಕಾಪಾಡಬೇಕು.

• ಸೋಂಕಿದೆ ಅನ್ನೋ ಕಾರಣಕ್ಕೆ ಕೆಲಸದಿಂದ ತೆಗೆಯೋದು, ಚಿಕಿತ್ಸೆ ನಿರಾಕರಿಸೋದು, ಬಾಡಿಗೆ ಮನೆ ಕೊಡದೇ ಇರೋದು, ಮಕ್ಕಳನ್ನ ಶಾಲೆಯಿಂದ ದೂರ ಇಡೋದು ನಿಷಿದ್ಧ.

• ಸೋಂಕಿತರ ವಿರುದ್ಧ ದ್ವೇಷ ಹರಡುವಂಥದ್ದನ್ನ ಬರೆದು, ಹೇಳಿ ಪ್ರಚಾರ ಮಾಡಿದರೆ 3 ತಿಂಗಳಿಂದ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಕಾಯ್ದೆ ಉಲ್ಲಂಘನೆ ಬಗ್ಗೆ ರಾಜ್ಯದ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಒಂದು ವಿನಾಯಿತಿಯನ್ನೂ ಮುಚ್ಚಿಡಬಾರದು. ಸಂಗಾತಿಗೆ ಸೋಂಕು ದಾಟುವ ಗಂಭೀರ ಅಪಾಯ ಇದೆ, ತಿಳಿಹೇಳಿದರೂ ವ್ಯಕ್ತಿ ಸಂಗಾತಿಗೆ ಹೇಳೋದಿಲ್ಲ ಅಂತ ಅನಿಸಿದರೆ, ಆ ವ್ಯಕ್ತಿಗೆ ಮುಂಚೆಯೇ ತಿಳಿಸಿ, ವೈದ್ಯರು ಅಥವಾ ಆಪ್ತ ಸಮಾಲೋಚಕರು ಸಂಗಾತಿಗೆ ಎದುರಾಎದುರು ಹೇಳಬಹುದು. ಆದರೆ ಹೇಳಿದರೆ ಮಹಿಳೆಗೆ ಹೊಡೆತ, ಮನೆಯಿಂದ ಹೊರಹಾಕುವಂಥ ಅಪಾಯ ಇದ್ದರೆ ಅವರು ಹಾಗೆ ತಿಳಿಸೋ ಹಾಗಿಲ್ಲ. ಸಂಗಾತಿ ಬಿಟ್ಟು ಅತ್ತೆ-ಮಾವ, ಊರ ಹಿರಿಯರು, ಮಾಲೀಕರು ಯಾರಿಗೂ ಈ ದಾರಿ ತೆರೆದಿಲ್ಲ.

ಕಾನೂನು ಕಾಗದದಲ್ಲಿದ್ದರೆ ಸಾಲದು ಅನ್ನೋದೂ ನಿಜ. ರಿಜಿಸ್ಟರ್ ಮೇಜಿನ ಮೇಲೆ ತೆರೆದಿಟ್ಟರೆ, ಕಾರಿಡಾರ್‌ನಲ್ಲಿ ಹೆಸರು ಹಿಡಿದು ಕೂಗಿ ಕರೆದರೆ, ಚೀಟಿ ಮೇಲೆ ದೊಡ್ಡ ಅಕ್ಷರದಲ್ಲಿ ಫಲಿತಾಂಶ ಬರೆದರೆ ಒಬ್ಬರಲ್ಲ, ಅವರ ಮಾತು ಕೇಳಿದ ಹತ್ತು ಜನ ಹಿಂದೆ ಸರೀತಾರೆ. ಜನ ಬರಲಿ ಅಂದರೆ ಗೋಡೆ ಬರಹಕ್ಕಿಂತ ಮುಚ್ಚಿದ ಬಾಗಿಲು, ಬೀಗ ಹಾಕಿದ ಕಪಾಟು ಹೆಚ್ಚು ಕೆಲಸ ಮಾಡುತ್ತೆ.

ಯಾರು ಪರೀಕ್ಷೆ ಮಾಡಿಸಬೇಕು?

• ಕಾಂಡೋಮ್ ಇಲ್ಲದೆ, ಸೋಂಕಿನ ಸ್ಥಿತಿ ಗೊತ್ತಿಲ್ಲದವರ ಜೊತೆ ಸಂಪರ್ಕ ಆಗಿದ್ದರೆ
• ಗಂಡ ಅಥವಾ ಹೆಂಡತಿಗೆ ಸೋಂಕು ಖಚಿತವಾಗಿದ್ದರೆ
• ಗರ್ಭಿಣಿಯರು ಮತ್ತು ಅವರ ಗಂಡಂದಿರು
• ಕ್ಷಯ ಇರುವವರು, ಗುಪ್ತಾಂಗದಲ್ಲಿ ಹುಣ್ಣು ಅಥವಾ ಸ್ರಾವ ಇರುವವರು
• ಬೇರೆಯವರು ಬಳಸಿದ ಸೂಜಿ ಬಳಸಿದವರು
• ಕಾರಣ ಏನೇ ಇರಲಿ, ಮನಸ್ಸಿನಲ್ಲಿ ಅನುಮಾನ ಕೊರೆಯುತ್ತಿರುವವರು

ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಸೂಜಿ ಚುಚ್ಚಿಕೊಂಡರೆ ಅಥವಾ ಲೈಂಗಿಕ ದೌರ್ಜನ್ಯ ನಡೆದರೆ ಮೂರು ತಿಂಗಳು ಕಾಯಬೇಡಿ. ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸೋಂಕು ತಡೆಯುವ ಗುಳಿಗೆಯನ್ನ 72 ಗಂಟೆಯೊಳಗೆ ಶುರುಮಾಡಿ 28 ದಿನ ತಗೋಬೇಕು. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು.

ಎಲ್ಲಿ, ಯಾವಾಗ?

ನವನಗರದ ಜಿಲ್ಲಾ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳು ಮತ್ತು ಕೆಲವು ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ, ಹೊರರೋಗಿ ವಿಭಾಗ ತೆರೆದಿರುವ ಹೊತ್ತಿನಲ್ಲಿ ಸೇವೆ ಸಿಗುತ್ತೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಿಲ್ಲ. ಮೊದಲು ಫೋನ್‌ನಲ್ಲೇ ಮಾತಾಡಬೇಕು ಅನ್ನೋರು 1097ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ಹತ್ತಿರದ ಕೇಂದ್ರ ಎಲ್ಲಿದೆ ಅಂತಲೂ ಹೇಳ್ತಾರೆ.

ಕೊನೆಗೊಂದು ಮಾತು. ಸಕ್ಕರೆ ಕಾಯಿಲೆ, ಬಿಪಿ ಪರೀಕ್ಷೆಗೆ "ನಡಿ, ನಾನೂ ಬರ್ತೀನಿ" ಅಂತ ಗೆಳೆಯರು ಜೊತೆಯಾಗಿ ಹೋಗೋದು ನಮ್ಮಲ್ಲಿ ಸಾಮಾನ್ಯ. ಮನೆಯವರೋ ಗೆಳೆಯರೋ ಈ ಪರೀಕ್ಷೆ ಬಗ್ಗೆ ಅಳುಕುತ್ತಾ ಕೇಳಿದರೆ "ನಿಂಗ್ಯಾಕ್ ಬೇಕಾತು ಅದು?" ಅಂತ ಮರುಪ್ರಶ್ನೆ ಹಾಕಬೇಡಿ. ಬಸ್ ಚಾರ್ಜ್ ಕೊಟ್ಟು ಜೊತೆಗೆ ಹೋಗಿ, ಬಾಗಿಲ ಹೊರಗೆ ಕೂತಿರಿ. ಒಳಗಿನ ಮಾತು ಅವರದ್ದು. ಹೊರಗೆ ಬಂದ ಮೇಲೆ ಏನಾಯಿತು ಅಂತ ಕೇಳಲೂ ಬೇಡಿ, ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ.